ಟ್ಯಾಬ್ಲೆಟ್ ಕೊಡಬೇಕೆ, ಪುಸ್ತಕ ಸಾಕೆ? ಆರು ವರ್ಷದೊಳಗಿನ ಮಕ್ಕಳ ಮನೆಯವರಿಗೊಂದು ಮಾರ್ಗದರ್ಶಿ

ಜೂನ್ ತಿಂಗಳಲ್ಲಿ ಮಳೆ ಬಿರುಸಾಗಿ, ಶಾಲೆ ಮತ್ತು ಅಂಗನವಾಡಿಗಳಿಗೆ ಜಿಲ್ಲಾಧಿಕಾರಿಗಳು ರಜೆ ಸಾರತೊಡಗಿದರೆ ಸಾಕು, ಮಂಗಳೂರು ಮತ್ತು ಉಡುಪಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಹಲವು ರೂಪಗಳಲ್ಲಿ ಬರತೊಡಗುತ್ತದೆ. ಮೂರು ವರ್ಷದ ಮಗುವಿಗೆ ಟ್ಯಾಬ್ಲೆಟ್ ಕೊಡಿಸಬಹುದೆ? ಅದರಲ್ಲಿ ಅಕ್ಷರ, ಬಣ್ಣ, ಎಣಿಕೆ ಎಲ್ಲ ಇರುವಾಗ ಪುಸ್ತಕಕ್ಕೆ ಬೇರೆ ಖರ್ಚೇಕೆ? ಕೊಟ್ಟರೆ ದಿನಕ್ಕೆ ಎಷ್ಟು ಹೊತ್ತು? ಕೊಟ್ಟು ಅಭ್ಯಾಸವಾಗಿಬಿಟ್ಟಿದ್ದರೆ ಬಿಡಿಸುವುದು ಹೇಗೆ?

ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷ ತುಂಬುವವರೆಗೆ ಟ್ಯಾಬ್ಲೆಟ್ ಬೇಡ. ಎರಡರಿಂದ ಐದರವರೆಗೆ ಪುಸ್ತಕ ದಿನವೂ ಇರಬೇಕು. ಟ್ಯಾಬ್ಲೆಟ್ ಇಲ್ಲದಿದ್ದರೆ ಮಗುವಿಗೆ ನಷ್ಟವೇನೂ ಇಲ್ಲ, ಇದ್ದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರುವ ಹೊತ್ತಿಗೆ ಮಾತ್ರ ಅದು ಹೊರಬರಬೇಕು. ಈ ವಯಸ್ಸಿನ ಮಗು ಮಾತು ಕಲಿಯುವುದು ತನಗೆ ಉತ್ತರ ಕೊಡುವ ಮನುಷ್ಯರಿಂದ. ಓದಲು ಬಾರದ ಮಗುವಿಗೆ ಪುಸ್ತಕ ಕೊಟ್ಟರೆ ದೊಡ್ಡವರು ಕೂರಲೇಬೇಕಾಗುತ್ತದೆ. ಟ್ಯಾಬ್ಲೆಟ್ ಕೊಟ್ಟರೆ ಅವರು ಎದ್ದು ಹೋಗಬಹುದು. ಎರಡರ ನಡುವಣ ಮುಖ್ಯ ವ್ಯತ್ಯಾಸ ಇದೇ, ಮತ್ತು ಕೆಳಗಿನ ಹಂತಗಳೆಲ್ಲ ಇದನ್ನೇ ಆಧರಿಸಿವೆ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಆಸುಪಾಸಿನ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತವರು ಮಾತನಾಡಿ ಆಡಿಸಿದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವೀಡಿಯೊದಲ್ಲೋ ಬರೀ ಧ್ವನಿಮುದ್ರಣದಲ್ಲೋ ಕೇಳಿದ ಶಿಶುಗಳು ಕಲಿಯಲಿಲ್ಲ. 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು 37 ಜೋಡಿ ಪೋಷಕರು ಮತ್ತು ಪುಟ್ಟ ಮಕ್ಕಳನ್ನು ಗಮನಿಸಿದಾಗ, ಟ್ಯಾಬ್ಲೆಟ್ಟಿನ ಇ-ಪುಸ್ತಕಕ್ಕಿಂತ ಕಾಗದದ ಪುಸ್ತಕ ಹಿಡಿದು ಕೂತಾಗ ಇಬ್ಬರೂ ಹೆಚ್ಚು ಮಾತನಾಡಿದ್ದು ಕಂಡುಬಂತು.

ಮೊದಲು ಬೇಕಾದವು

ಬರೆದಿಡಲು ಒಂದು ಹಳೆಯ ನೋಟ್ ಪುಸ್ತಕ, ಐದಾರು ಚಿತ್ರಪುಸ್ತಕಗಳು, ಮಗುವಿನ ಕೈಗೆಟುಕುವ ಎತ್ತರದಲ್ಲಿ ಒಂದು ಬುಟ್ಟಿ ಅಥವಾ ತಗ್ಗಿನ ಕಪಾಟು. ಟ್ಯಾಬ್ಲೆಟ್ ಈಗಾಗಲೇ ಮನೆಯಲ್ಲಿದ್ದರೆ ಅದರ ಪಾಸ್‌ವರ್ಡ್ ಮಗುವಿಗೆ ತಿಳಿಯದಂತಿರಬೇಕು. ಇಲ್ಲದಿದ್ದರೆ ಇದಕ್ಕಾಗಿಯೇ ಕೊಳ್ಳಲು ಹೋಗಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಎಲ್ಲರೂ, ಅಂದರೆ ಅಜ್ಜ, ಅಜ್ಜಿ, ದೊಡ್ಡಮ್ಮ, ಮಾವ, ಕೆಲಸದವರು, ಒಂದೇ ನಿಯಮಕ್ಕೆ ಒಪ್ಪಿರಬೇಕು. ಅಮ್ಮ ಬೇಡವೆಂದದ್ದನ್ನು ಅಜ್ಜ ಮರೆಯಲ್ಲಿ ಕೊಡುವ ಮನೆಯಲ್ಲಿ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ಹಂತ 1: ಈಗ ನಡೆಯುತ್ತಿರುವುದನ್ನು ಬರೆದಿಡಿ

ಒಂದು ವಾರ ಏನನ್ನೂ ಬದಲಿಸದೆ, ಮಗು ಪರದೆಯ ಮುಂದೆ ಕಳೆಯುವ ಹೊತ್ತನ್ನು ಬರೆಯುತ್ತಾ ಹೋಗಿ: ಯಾವ ಗಂಟೆಗೆ, ಎಷ್ಟು ನಿಮಿಷ, ಯಾರು ಕೊಟ್ಟರು, ಏಕೆ ಕೊಟ್ಟರು. ಪರದೆ ಎಂದರೆ ಟ್ಯಾಬ್ಲೆಟ್ ಮಾತ್ರವಲ್ಲ. ಫೋನು, ಟಿವಿ, ಮಗು ಆಡುತ್ತಿರುವಾಗ ಪಕ್ಕದಲ್ಲಿ ಸುಮ್ಮನೆ ಓಡುತ್ತಿರುವ ಧಾರಾವಾಹಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಏಕೆ’ ಎಂಬ ಅಂಕಣವನ್ನು ಬಿಡಬೇಡಿ. ಊಟಕ್ಕೋ, ಅಳು ನಿಲ್ಲಿಸುವುದಕ್ಕೋ, ಅಡುಗೆ ಮುಗಿಸಿಕೊಳ್ಳುವುದಕ್ಕೋ ಎಂಬುದು ಗೊತ್ತಾದರೆ ಮಾತ್ರ ಅದರ ಜಾಗದಲ್ಲಿ ಬೇರೇನು ಇಡಬೇಕೆಂದು ತೀರ್ಮಾನಿಸಬಹುದು.

ಹಂತ 2: ವಯಸ್ಸಿಗೆ ತಕ್ಕ ಮಿತಿ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಒಂದು ವರ್ಷದೊಳಗೆ ಪರದೆ ಕೂಡದು. ಒಂದು ವರ್ಷದ ಮಗುವಿಗೂ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಇದನ್ನೇ: ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಕಣ್ಣೆದುರಿನಲ್ಲಿ.

ಒಂದು ಗಂಟೆ ಎಂಬುದು ದಾಟಬಾರದ ಗಡಿ. ದಿನವೂ ಮುಟ್ಟಿಸಬೇಕಾದ ಗುರಿಯೆಂದು ಅದನ್ನು ತಿಳಿಯಬಾರದು. ಮೂರು ವರ್ಷದ ಮಗುವಿಗೆ ಅರ್ಧ ಗಂಟೆ ಧಾರಾಳ ಎಂಬುದು ನನ್ನ ಅಭಿಪ್ರಾಯ. ಅದೇ ಮಾರ್ಗಸೂಚಿ ಮೂರು ಮತ್ತು ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆಯನ್ನೂ, ಕನಿಷ್ಠ 180 ನಿಮಿಷಗಳ ಓಡಾಟ ಮತ್ತು ಆಟವನ್ನೂ ಹೇಳುತ್ತದೆ. ಮೊದಲು ಇವೆರಡಕ್ಕೆ ಜಾಗ ಮಾಡಿಕೊಟ್ಟರೆ ಪರದೆಗೆ ಉಳಿಯುವ ಹೊತ್ತು ತಾನಾಗಿ ಕುಗ್ಗುತ್ತದೆ.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅಪ್ಪ ದುಬಾಯಿಯಲ್ಲೋ ಕುವೈತಿನಲ್ಲೋ ಇರುತ್ತಾರೆ, ಅಜ್ಜಿ ಮುಂಬಯಿಯಲ್ಲಿರುತ್ತಾರೆ. ಅವರೊಂದಿಗಿನ ವೀಡಿಯೊ ಕರೆಯೂ ಈ ನಿಷೇಧಕ್ಕೆ ಸೇರುತ್ತದೆಯೇ ಎಂದು ಕೇಳುವವರಿದ್ದಾರೆ. ಸೇರುವುದಿಲ್ಲ. ಎರಡು ವರ್ಷದೊಳಗಿನವರಿಗೂ ಬಂಧುಗಳೊಂದಿಗಿನ ವೀಡಿಯೊ ಕರೆಗೆ ಮಕ್ಕಳ ವೈದ್ಯರ ಸಂಘಟನೆ ವಿನಾಯಿತಿ ಕೊಟ್ಟಿದೆ. ಆ ಕಡೆಯವರು ಮಗುವಿನ ತೊದಲಿಗೆ ಪ್ರತಿಯಾಗಿ ಮಾತನಾಡುತ್ತಾರೆ, ನಗುತ್ತಾರೆ. ಕಾರ್ಟೂನು ಅದನ್ನು ಮಾಡಲಾರದು. ಆದರೆ ಕರೆ ಮುಗಿದ ಕೂಡಲೇ ಫೋನು ಹಿಂದಕ್ಕೆ ಬರಬೇಕು.

ಹಂತ 3: ಪುಸ್ತಕ ಆರಿಸಿ, ಮಳೆಯಿಂದ ಉಳಿಸಿಕೊಳ್ಳಿ

ಎರಡು ವರ್ಷದೊಳಗಿನವರಿಗೆ ಬೋರ್ಡ್ ಪುಸ್ತಕ, ಅಂದರೆ ದಪ್ಪ ರಟ್ಟಿನ ಹಾಳೆಗಳ ಪುಸ್ತಕ ತನ್ನಿ; ಅದನ್ನು ಕಚ್ಚಿದರೂ ಎಳೆದರೂ ಸುಲಭವಾಗಿ ಹರಿಯುವುದಿಲ್ಲ. ಎರಡರ ನಂತರ ಪುಟಕ್ಕೊಂದೆರಡು ವಾಕ್ಯಗಳಿರುವ ಚಿತ್ರಕಥೆಗಳು ಸಾಕು. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್ ಸಂಸ್ಥೆಗಳ ಕನ್ನಡ ಮಕ್ಕಳ ಪುಸ್ತಕಗಳು ಅಗ್ಗ. ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಲಿರುವ ಮಕ್ಕಳ ಮನೆಗೆ ಹೊಂದುತ್ತವೆ. ಕೊಳ್ಳಲಾಗದವರು ಮಂಗಳೂರಿನ ಬಾವುಟಗುಡ್ಡೆಯ ನಗರ ಕೇಂದ್ರ ಗ್ರಂಥಾಲಯವನ್ನೋ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಕೇಂದ್ರ ಗ್ರಂಥಾಲಯವನ್ನೋ ವಿಚಾರಿಸಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಹತ್ತಿರ. ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಇದ್ದರೆ ‘ಓದುವ ಬೆಳಕು’ ಕಾರ್ಯಕ್ರಮದಡಿ ಅವರ ಹೆಸರಿನಲ್ಲಿ ಉಚಿತ ಸದಸ್ಯತ್ವ ಮಾಡಿಸಿಕೊಂಡು ಚಿಕ್ಕವರಿಗೂ ಪುಸ್ತಕ ತರಬಹುದು.

ಪುಸ್ತಕ ಯಾವ ಭಾಷೆಯಲ್ಲಿರಬೇಕೆಂಬ ಚಿಂತೆ ಹೆಚ್ಚು ಬೇಡ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಚಿತ್ರವನ್ನು ಆ ಮಾತಿನಲ್ಲೇ ಹೇಳಿ. ಅಚ್ಚಾದ ವಾಕ್ಯವನ್ನು ಅಕ್ಷರಕ್ಕಕ್ಷರ ಓದಲೇಬೇಕೆಂಬ ನಿಯಮವಿಲ್ಲ. ಹಾಗಾಗಿ ಕನ್ನಡ ಓದಲು ಬಾರದ ಅಜ್ಜಿಯೂ ಚಿತ್ರಪುಸ್ತಕ ಹಿಡಿದು ಚೆನ್ನಾಗಿ ಕಥೆ ಹೇಳಬಲ್ಲರು.

ಎಚ್ಚರಿಕೆಗಳು ಇಲ್ಲಿ ಮೂರು. ಕರಾವಳಿಯ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ, ಒತ್ತೊತ್ತಾಗಿ ಜೋಡಿಸಬೇಡಿ, ಬಿಸಿಲು ಬಿದ್ದ ದಿನ ಹೊರತೆಗೆದು ಗಾಳಿಗೆ ಬಿಡಿಸಿಡಿ. ಬೂಸ್ಟು ಬಲವಾಗಿ ಹಿಡಿದ ಪುಸ್ತಕವನ್ನು, ಅದರಲ್ಲೂ ದಮ್ಮಿನ ತೊಂದರೆಯಿರುವ ಮಗುವಿನ ಮನೆಯಲ್ಲಿ, ಇಟ್ಟುಕೊಳ್ಳದಿರುವುದೇ ಲೇಸು. ಎರಡನೆಯದಾಗಿ, ಹುಳ ಬಾರದಿರಲೆಂದು ಮಗುವಿನ ಪುಸ್ತಕದ ಬುಟ್ಟಿಗೆ ನುಸಿಗುಳಿಗೆ ಹಾಕಬಾರದು. ಅದು ಪೆಪ್ಪರಮಿಂಟಿನಂತೆ ಕಾಣುತ್ತದೆ, ಮತ್ತು ಅದರಲ್ಲಿರುವ ನ್ಯಾಫ್ತಲೀನ್ ಹೊಟ್ಟೆಗೆ ಹೋದರೆ ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೆ ಕುತ್ತಾಗುತ್ತದೆ. ಮೂರನೆಯದಾಗಿ, ಒತ್ತಿದರೆ ಹಾಡುವ ಪುಸ್ತಕಗಳಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ನುಂಗಿದರೆ ಅದು ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಂಥ ಪುಸ್ತಕ ತರಬೇಡಿ. ನುಂಗಿರುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಹಂತ 4: ಓದುತ್ತಾ ಮಾತಾಡಿಸಿ

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಪ್ರತಿದಿನವೂ ಒಂದೇ ಹೊತ್ತಿಗೆ ಇರಬೇಕು. ಮಲಗುವ ಮುಂಚಿನ ಹೊತ್ತು ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಇಲ್ಲಿ ಹೇಳುವ ವಿಧಾನವನ್ನು ಸಂವಾದದ ಓದು ಎನ್ನಬಹುದು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದ ಕ್ರಮವಿದು. ಇದರಲ್ಲಿ ನಾಲ್ಕು ಹೆಜ್ಜೆಗಳಿವೆ: ಕೇಳುವುದು, ಉತ್ತರವನ್ನು ಒಪ್ಪುವುದು ಅಥವಾ ತಿದ್ದುವುದು, ಅದಕ್ಕೆ ಒಂದೆರಡು ಪದ ಸೇರಿಸಿ ಬೆಳೆಸುವುದು, ಬೆಳೆಸಿದ್ದನ್ನು ಮಗುವಿನ ಬಾಯಿಂದ ಇನ್ನೊಮ್ಮೆ ಹೇಳಿಸುವುದು.

ಮೀನು ಮಾರುಕಟ್ಟೆಯ ಚಿತ್ರವಿರುವ ಪುಟ ತೆರೆದಿದೆ ಎಂದಿಟ್ಟುಕೊಳ್ಳಿ.

“ಪುಟ್ಟಾ, ಈ ಬುಟ್ಟಿಯಲ್ಲಿ ಏನುಂಟು?”

“ಮೀನು.”

“ಹೌದು, ಮೀನು. ಬಂಗುಡೆ ಮೀನು. ಅಜ್ಜ ಮಲ್ಪೆಯಿಂದ ತಂದಿದ್ದರಲ್ಲ, ಅದೇ. ಏನು ಮೀನು?”

“ಬಂಗುಡೆ ಮೀನು. ಅಜ್ಜ ತಂದದ್ದು.”

ಮಗು ಒಂದು ಪದ ಹೇಳಿತ್ತು, ಈಗ ನಾಲ್ಕು ಹೇಳಿತು. ಯಾವ ಆ್ಯಪ್‌ಗೂ ನಿಮ್ಮ ಮನೆಯ ಅಜ್ಜ ಮಲ್ಪೆಯಿಂದ ಬಂಗುಡೆ ತಂದದ್ದು ಗೊತ್ತಿರುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಓದನ್ನು ಪರೀಕ್ಷೆಯಾಗಿಸುವುದು. “ಇದೇನು? ಅದೇನು? ಇದರ ಬಣ್ಣ ಯಾವುದು?” ಎಂದು ಪುಟದುದ್ದಕ್ಕೂ ಕೇಳುತ್ತಾ ಹೋದರೆ ಮಗು ಎದ್ದು ಹೋಗುತ್ತದೆ, ಹೋಗುವುದು ಸರಿಯೂ ಹೌದು. ಪುಟಕ್ಕೆ ಒಂದು ಪ್ರಶ್ನೆ ಸಾಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ನಾವು ಕಾಯದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗು ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಕೇಳಿದರೆ ಬೇಸರಿಸಬೇಡಿ. ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಅದು ನಿಮಗಿಂತ ಮುಂಚೆ ಹೇಳಲು ಧೈರ್ಯ ಮಾಡುತ್ತದೆ. ನಾಲ್ಕು ವರ್ಷವಾಗುವ ಮೊದಲು ಅಕ್ಷರ ತಿದ್ದಿಸಲು ಚಿತ್ರಪುಸ್ತಕವನ್ನು ಬಳಸಬೇಡಿ ಎಂಬುದೂ ನನ್ನ ಬಿನ್ನಹ.

ಹಂತ 5: ಊಟದ ಹೊತ್ತಿನಿಂದ ಪರದೆಯನ್ನು ಬಿಡಿಸಿ

ನೀವು ಬರೆದಿಟ್ಟ ಪುಟಗಳಲ್ಲಿ ಅತಿ ಹೆಚ್ಚು ಸಲ ಕಾಣುವ ಕಾರಣ ಬಹುಶಃ ಊಟವೇ ಆಗಿರುತ್ತದೆ. ಫೋನು ತೋರಿಸಿದರೆ ಗಂಜಿ ಬಾಯಿಗೆ ಹೋಗುತ್ತದೆ, ತೋರಿಸದಿದ್ದರೆ ಹೋಗುವುದಿಲ್ಲ ಎಂಬುದು ಎಲ್ಲರ ದೂರು. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಹಸಿವು ತೀರಿದ್ದೂ ಗೊತ್ತಾಗುವುದಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ಆದ್ದರಿಂದ ಬಿಡಿಸುವುದನ್ನು ಇಲ್ಲಿಂದಲೇ ಆರಂಭಿಸಿ.

ದಿನದ ಒಂದು ಊಟವನ್ನು ಮಾತ್ರ ಆರಿಸಿಕೊಳ್ಳಿ. ಮನೆಯಲ್ಲಿ ಹೆಚ್ಚು ಜನರಿರುವ, ನಿಮಗೆ ಕಚೇರಿಯ ಅವಸರವಿಲ್ಲದ ಊಟವಾದರೆ ಒಳ್ಳೆಯದು. ಹಲವರಿಗೆ ಅದು ಭಾನುವಾರದ ಮಧ್ಯಾಹ್ನದ್ದು. ಊಟಕ್ಕೆ ಮುಂಚಿನ ಎರಡು ಗಂಟೆ ಬಿಸ್ಕತ್ತು, ಹಾಲು, ಚಕ್ಕುಲಿ ಯಾವುದನ್ನೂ ಕೊಡಬೇಡಿ. ಎಲ್ಲರ ಫೋನುಗಳೂ ಬೇರೆ ಕೋಣೆಯಲ್ಲಿರಲಿ. ಮಗುವನ್ನು ದೊಡ್ಡವರ ಜೊತೆಗೇ ಕೂರಿಸಿ, ಕುಚ್ಚಲಕ್ಕಿ ಗಂಜಿಯನ್ನು ಅದರದೇ ಬಟ್ಟಲಿಗೆ ಹಾಕಿ, ಕೈಗೆ ಚಮಚ ಕೊಡಿ, ಚೆಲ್ಲುತ್ತದೆ, ಚೆಲ್ಲಲಿ. ಇಪ್ಪತ್ತೈದು ಮೂವತ್ತು ನಿಮಿಷಕ್ಕೆ, ಎಷ್ಟು ಉಂಡಿದ್ದರೂ, ಬಟ್ಟಲು ಎತ್ತಿಬಿಡಿ. ಮೊದಲ ಕೆಲವು ದಿನ ಮಗು ಕಡಿಮೆ ಉಣ್ಣುತ್ತದೆ, ಅಳುತ್ತದೆ. ಆರೋಗ್ಯವಾಗಿರುವ ಮಗು ಮುಂದಿನ ಊಟದಲ್ಲಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ತೂಕ ಕಡಿಮೆಯಿರುವ ಅಥವಾ ಕಾಯಿಲೆಯಿಂದ ಎದ್ದ ಮಗುವಾದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ಒಂದು ಊಟ ಸಲೀಸಾದ ಮೇಲೆ ಇನ್ನೊಂದಕ್ಕೆ ಹೋಗಿ.

ಈ ಹಂತವನ್ನು ಕೆಡಿಸುವುದು “ಇವತ್ತೊಂದು ದಿನ” ಎಂಬ ಮಾತು. ಹತ್ತು ನಿಮಿಷ ಅತ್ತ ಮೇಲೆ ಫೋನು ಕೊಟ್ಟರೆ, ಹತ್ತು ನಿಮಿಷ ಅತ್ತರೆ ಫೋನು ಸಿಗುತ್ತದೆ ಎಂದು ಮಗು ಕಲಿಯುತ್ತದೆ.

ಹಂತ 6: ಟ್ಯಾಬ್ಲೆಟ್ಟನ್ನು ಮಗುವಿಗೆ ಕೊಡುವ ಮುಂಚೆ ಹದಗೊಳಿಸಿ

ಹೊಸ ಟ್ಯಾಬ್ಲೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ನೇರ ಮಗುವಿನ ಕೈಗಿಡಬೇಡಿ. ಆಂಡ್ರಾಯ್ಡ್ ಟ್ಯಾಬ್ಲೆಟ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಗುವಿಗೆ ಪ್ರತ್ಯೇಕ ಖಾತೆ ಮಾಡಿ. ದಿನದ ಮಿತಿ, ಮಲಗುವ ಹೊತ್ತಿಗೆ ಬೀಗ, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ, ಇವೆಲ್ಲ ಅಲ್ಲಿಂದಲೇ ಆಗುತ್ತವೆ. ಅನಂತರ ‘ಪಿನ್’ ಮಾಡುವುದನ್ನು ಕಲಿಯಿರಿ: ಒಂದು ಆ್ಯಪ್ ತೆರೆದು ಅದನ್ನೇ ಪರದೆಗೆ ಕಟ್ಟಿಹಾಕುವ ಸೌಲಭ್ಯವಿದು, ನಿಮ್ಮ ಪಾಸ್‌ವರ್ಡ್ ಇಲ್ಲದೆ ಮಗು ಅದರಿಂದ ಹೊರಬರಲಾಗದಂತೆ ಮಾಡಬಹುದು. ತಯಾರಕರನ್ನು ಅನುಸರಿಸಿ ಅದರ ಜಾಗ ಬದಲಾಗುವುದರಿಂದ ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಆ ಪದವನ್ನೇ ಹಾಕಿ. ಐಪ್ಯಾಡ್‌ನಲ್ಲಿ ಇದೇ ಕೆಲಸವನ್ನು ಅಕ್ಸೆಸಿಬಿಲಿಟಿ ವಿಭಾಗದ ಗೈಡೆಡ್ ಅಕ್ಸೆಸ್ ಮಾಡುತ್ತದೆ. ಅದರಲ್ಲಿ ನಿಮಿಷದ ಮಿತಿಯನ್ನೂ ಹಾಕಬಹುದು.

ವೀಡಿಯೊ ತೋರಿಸುವುದಾದರೆ ಸಾಮಾನ್ಯ ಯೂಟ್ಯೂಬ್ ಬೇಡ. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ವೀಡಿಯೊಗಳು ಮಾತ್ರ ಕಾಣುವಂತೆ ಮಾಡುವ ಆಯ್ಕೆಯಿದೆ. ಅದನ್ನು ಹಾಕಿದರೆ ಹುಡುಕಾಟವೂ ಮುಚ್ಚಿಕೊಳ್ಳುತ್ತದೆ. ಆಟೋಪ್ಲೇ, ಅಂದರೆ ಒಂದು ಮುಗಿದೊಡನೆ ಇನ್ನೊಂದು ತಾನೇ ಆರಂಭವಾಗುವ ವ್ಯವಸ್ಥೆಯನ್ನು ತಪ್ಪದೆ ನಿಲ್ಲಿಸಿಡಿ. ಮಕ್ಕಳ ಅಳುವಿಗೆ ಅರ್ಧ ಕಾರಣ ಅದೇ, ಏಕೆಂದರೆ ಮುಗಿಯಿತು ಎಂಬ ಘಟ್ಟವೇ ಬರುವುದಿಲ್ಲ. ಹಣ ಪಾವತಿಗೆ ಪಾಸ್‌ವರ್ಡ್ ಕಡ್ಡಾಯ ಮಾಡಿ. ಚಾರ್ಜಿಗೆ ಹಾಕಿದ ಟ್ಯಾಬ್ಲೆಟ್ಟನ್ನು ಮಗುವಿಗೆ ಕೊಡಲೇಬೇಡಿ. ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೂ ಕಿತ್ತಿಡಿ.

ಟ್ಯಾಬ್ಲೆಟ್ಟಿನಿಂದ ನಿಜವಾದ ಉಪಯೋಗ ಬೇಕೆಂದರೆ ಅದನ್ನು ಪುಸ್ತಕದ ಕಪಾಟಾಗಿ ಬಳಸಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಚಿಕ್ಕವರಿಗೆ ಒಂದನೆಯ ಹಂತದ್ದನ್ನು ಇಳಿಸಿಕೊಳ್ಳಿ. ಇಷ್ಟವಾದ ಕಥೆಯನ್ನು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಹೊಲಿದುಕೊಟ್ಟರೆ ಅದೂ ಪುಸ್ತಕವೇ.

ಹಂತ 7: ಜೊತೆಯಲ್ಲಿ ನೋಡಿ, ಜೊತೆಯಲ್ಲಿ ಮುಗಿಸಿ

ಪುಸ್ತಕಕ್ಕೆ ಹೇಳಿದ ನಾಲ್ಕು ಹೆಜ್ಜೆಗಳೇ ಇಲ್ಲಿಯೂ ಸಲ್ಲುತ್ತವೆ: ನಿಲ್ಲಿಸಿ ಕೇಳಿ, ಬೆಳೆಸಿ. ಮಿತಿಯನ್ನು ನಿಮಿಷದಲ್ಲಿ ಹೇಳಬೇಡಿ, ಮೂರು ವರ್ಷದವರಿಗೆ ನಿಮಿಷ ಅರ್ಥವಾಗುವುದಿಲ್ಲ. “ಎರಡು ಕಥೆ ನೋಡಿ, ಆಮೇಲೆ ಮುಚ್ಚಿಡುವುದು” ಎಂದು ಮೊದಲೇ ಹೇಳಿ, ಎರಡನೆಯದು ಆರಂಭವಾಗುವಾಗ ನೆನಪಿಸಿ, ಮುಗಿದಾಗ ಆರಿಸುವ ಗುಂಡಿಯನ್ನು ಮಗುವೇ ಒತ್ತಲಿ. ಕೂಡಲೇ ಇನ್ನೊಂದು ಕೆಲಸ ಕಾದಿರಬೇಕು, ಇಲ್ಲವಾದರೆ ರಂಪ ಖಂಡಿತ. ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡ. ಅಳು ನಿಲ್ಲಿಸುವ ಸಾಧನವಾಗಿಯೂ ಅದನ್ನು ಬಳಸಬೇಡಿ. ಸಿಟ್ಟನ್ನು ತಾನಾಗಿ ಇಳಿಸಿಕೊಳ್ಳಲು ಮಗು ಕಲಿಯಬೇಕಾದ ವಯಸ್ಸು ಇದೇ.

ಹಂತ 8: ಮಳೆ ರಜೆಗೆ ಮೊದಲೇ ಸಿದ್ಧರಾಗಿ

ರಜೆಯ ಸುದ್ದಿ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಬರುತ್ತದೆ, ಆಗ ಯೋಚಿಸಲು ಹೊತ್ತಿರುವುದಿಲ್ಲ. ಮಳೆ ಹಿಡಿಯುವ ಮುಂಚೆಯೇ ಒಂದು ಪೆಟ್ಟಿಗೆಯಲ್ಲಿ ಮಗು ಇನ್ನೂ ನೋಡದ ಎರಡು ಪುಸ್ತಕ, ಬಣ್ಣದ ಕಡ್ಡಿ, ಹಳೆಯ ವೃತ್ತಪತ್ರಿಕೆ, ನಾದಿದ ಹಿಟ್ಟಿಗೊಂದು ಡಬ್ಬಿ ಇಟ್ಟುಕೊಂಡಿರಿ. ಮಳೆ ಬಿಟ್ಟ ಹೊತ್ತಿನಲ್ಲಿ ಜಗಲಿಗೆ, ಅಂಗಳಕ್ಕೆ ಬಿಡಿ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಟ್ಯಾಬ್ಲೆಟ್ಟನ್ನು ಮಾತ್ರವಲ್ಲ, ಪುಸ್ತಕವನ್ನೂ ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡದಂತೆ ಎಚ್ಚರ ಬೇಕು.

ಹಂತ 9: ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ಹನ್ನೆರಡು ತಿಂಗಳಾದರೂ ಬೆರಳು ಮಾಡಿ ತೋರಿಸದ, ಹದಿನಾರು ತಿಂಗಳಾದರೂ ಒಂದು ಪದವೂ ಆಡದ, ಎರಡು ವರ್ಷವಾದರೂ ಎರಡು ಪದ ಜೋಡಿಸದ, ಅಥವಾ ಆಡುತ್ತಿದ್ದ ಮಾತನ್ನು ಬಿಟ್ಟುಬಿಟ್ಟ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. “ಟ್ಯಾಬ್ಲೆಟ್ ಬಿಡಿಸಿದರೆ ಸರಿಯಾದೀತು” ಎಂದು ಆರು ತಿಂಗಳು ಕಾಯುವುದು ದೊಡ್ಡ ತಪ್ಪು. “ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅದಕ್ಕೇ ಗೊಂದಲ” ಎಂಬ ಸಮಾಧಾನವೂ ಸರಿಯಲ್ಲ. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ವಾಕ್ ಮತ್ತು ಶ್ರವಣ ವಿಭಾಗಗಳು ಮಂಗಳೂರು ಮತ್ತು ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿವೆ. ಅಲ್ಲಿ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ. ಜೋರು ಸದ್ದು ಕೇಳಿ, ಮೆಲ್ಲಗಿನ ಮಾತು ಕೇಳಿಸದ ಮಕ್ಕಳೂ ಇರುತ್ತಾರೆ.